ಕೇಳುವ ಮುನ್ನ ಕೇಳಿದ್ದು

ಗೋವಾದ ಕಾರ್ಯಕ್ರಮ ಮುಗಿಸಿಕೊಂಡು ಯುರೋಪಿನ ನಾಲ್ವರು ಕಲಾವಿದರ ಸಣ್ಣ ತಂಡವೊಂದು ಬರುವ ತಿಂಗಳು ಒಂದು ಸಂಜೆಯ ಮಟ್ಟಿಗೆ ಕಾರವಾರಕ್ಕೆ ಬರಲಿದೆ. ಊರಿನಲ್ಲಿ ಹಂಚಿದ ಕರಪತ್ರದಲ್ಲಿ ‘ಯುರೋಪಿನ ಹೆಣ್ಣುಮಕ್ಕಳ ಕಥೆ ಹೇಳುವ ಹಳೆಯ ಸಂಗೀತ’ ಎಂದು ಬರೆದಿದ್ದು, ಅದರ ಕೆಳಗೆ ಗಲೀಷಿಯಾ, ಪ್ರೊವಾನ್ಸ್, ಜರ್ಮನಿ, ಇಟಲಿ, ಇಂಗ್ಲೆಂಡುಗಳ ಹಾಡುಗಳ ಪಟ್ಟಿಯಿದೆ. ಈ ಅಂಕಣಕ್ಕೆ ಆಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ಅದರ ಬಗ್ಗೆಯೇ ಇರುವುದರಿಂದ, ಈ ಸಲ ಬೇರೆ ಪ್ರಶ್ನೆಗಳನ್ನು ಬದಿಗಿಟ್ಟು ಅವಕ್ಕೇ ಉತ್ತರಿಸುತ್ತಿದ್ದೇನೆ.

ಪ್ರಶ್ನೆ: ಪುರಂದರದಾಸರ ಪದಗಳನ್ನು ನಾವು ಇಂದಿಗೂ ಹಾಡುತ್ತೇವೆ, ಅವನ್ನು ‘ಹಳೆಯ ಸಂಗೀತ’ ಎಂದು ಬೇರೆ ಕಪಾಟಿನಲ್ಲಿ ಇಟ್ಟಿಲ್ಲ. ಯುರೋಪಿನವರು ತಮ್ಮ ಸಂಗೀತದ ಒಂದು ಭಾಗಕ್ಕೆ ಮಾತ್ರ ಈ ಹೆಸರನ್ನು ಏಕೆ ಕೊಟ್ಟಿದ್ದಾರೆ?
— ನಿವೃತ್ತ ಶಿಕ್ಷಕರು, ಕಾರವಾರ

ಉತ್ತರ: ನಡುವೆ ಗುರು-ಶಿಷ್ಯರ ಎಳೆ ಕಡಿದುಹೋದದ್ದೇ ಇದಕ್ಕೆ ಕಾರಣ. ದಾಸರ ಪದಗಳ ಧಾಟಿ ಬದಲಾಗಿರಬಹುದು, ರಾಗವೂ ಬದಲಾಗಿರಬಹುದು. ಆದರೆ ಒಬ್ಬರ ಬಾಯಿಂದ ಇನ್ನೊಬ್ಬರ ಕಿವಿಗೆ ಹೋಗುವುದು ಎಂದೂ ನಿಲ್ಲಲಿಲ್ಲ. ಯುರೋಪಿನಲ್ಲಿ ಹೊಸ ಸಂಗೀತ ಬಂದಂತೆ ಹಳೆಯದನ್ನು ಕೈಬಿಡುವುದೇ ಬಹುಕಾಲ ರೂಢಿಯಾಗಿದ್ದು, 1750ಕ್ಕಿಂತ ಹಿಂದಿನ ಸಂಗೀತದ ಬಹುಪಾಲು, ಅದನ್ನು ನುಡಿಸುತ್ತಿದ್ದ, ತಂತಿ ಮೀಟುವ ಲ್ಯೂಟ್, ಕಮಾನಿನಿಂದ ನುಡಿಸುವ ವಯೋಲಾ ದ ಗಾಂಬಾ, ಪಿಯಾನೊದಂತೆ ಮನೆಗಳಿರುವ ಹಾರ್ಪ್ಸಿಕಾರ್ಡ್‌ಗಳ ಸಮೇತ, 19ನೇ ಶತಮಾನದ ಹೊತ್ತಿಗೆ ಬಳಕೆ ತಪ್ಪಿತ್ತು. ನಮ್ಮ ಬಡಗುತಿಟ್ಟಿನ ಯಕ್ಷಗಾನದ ಆಟ ಇನ್ನೂರು ವರ್ಷ ನಿಂತುಹೋಗಿ, ಚಂಡೆ ಮದ್ದಳೆಗಳು ಅಟ್ಟ ಸೇರಿ, ಪ್ರಸಂಗದ ಪುಸ್ತಕಗಳು ಮಾತ್ರ ಉಳಿದಿದ್ದವು ಎಂದುಕೊಳ್ಳಿ. ಪದ್ಯದ ಮೇಲೆ ರಾಗ-ತಾಳದ ಹೆಸರು ಅಚ್ಚಾಗಿರುತ್ತದೆ. ಭಾಗವತರು ಅದನ್ನು ಎಲ್ಲಿ ಎಳೆಯುತ್ತಿದ್ದರು, ಚಂಡೆ-ಮದ್ದಳೆಯ ಬಿಡ್ತಿಗೆ ಎಲ್ಲಿ ಬೀಳುತ್ತಿತ್ತು ಎಂಬುದು ಅಲ್ಲಿ ಇರುವುದಿಲ್ಲ. ಆ ಪುಸ್ತಕದಿಂದ ಆಟವನ್ನು ಮತ್ತೆ ಎಬ್ಬಿಸುವ ಕೆಲಸ ಎಂಥದೋ, ಹಳೆಯ ಸಂಗೀತದವರ ಕೆಲಸವೂ ಅಂಥದೇ.

ಹಾಗೆ ಎಬ್ಬಿಸಿದವರಲ್ಲಿ ಇಬ್ಬರನ್ನು ಹೆಸರಿಸಲೇಬೇಕು. ಒಬ್ಬರು ಹಳೆಯ ವಾದ್ಯಗಳನ್ನು ತಮ್ಮ ಕೈಯಾರೆ ಮಾಡಿ ನುಡಿಸಿ ತೋರಿಸಿದ ಆರ್ನಲ್ಡ್ ಡಾಲ್ಮೆಚ್ (1858–1940), ಇನ್ನೊಬ್ಬರು ಪಿಯಾನೊ ಮೆರೆಯುತ್ತಿದ್ದ ಕಾಲದಲ್ಲಿ ಹಾರ್ಪ್ಸಿಕಾರ್ಡನ್ನು ವೇದಿಕೆಗೆ ಮರಳಿ ತಂದ ಪೋಲೆಂಡಿನ ವಾಂಡಾ ಲಾಂಡೋವ್ಸ್ಕಾ (1879–1959). ನೀವು ಕಾರವಾರದಲ್ಲಿ ನೋಡಲಿರುವ ವಾದ್ಯಗಳು ಇಂಥವರು ಹಾಕಿಕೊಟ್ಟ ದಾರಿಯಲ್ಲಿ, ಹಳೆಯ ಮಾದರಿಗಳನ್ನು ಅಳೆದು ಮತ್ತೆ ಮಾಡಿದವು. ಹಲವು ವರ್ಷಗಳ ಹಿಂದೆ ಹಳೆ ಗೋವಾದ ಚರ್ಚೊಂದರಲ್ಲಿ ನಾನು ಥಿಯೋರ್ಬೊ ಎಂಬುದನ್ನು ಮೊದಲ ಸಲ ಹತ್ತಿರದಿಂದ ಕಂಡೆ. ಲ್ಯೂಟಿನ ದೊಡ್ಡಣ್ಣನಂತಿರುವ ಅದರ ಕತ್ತು ಎಷ್ಟು ಉದ್ದವೆಂದರೆ, ಕಲಾವಿದರು ಅದನ್ನು ಬಾಗಿಲಲ್ಲಿ ಓರೆ ಮಾಡಿ, ನಮ್ಮ ತೋಟದವರು ದೋಟಿಯನ್ನು ಮನೆಯೊಳಗೆ ತರುವಾಗ ಬಲ್ಬು ತಾಗದಂತೆ ನೋಡಿಕೊಳ್ಳುವ ಹಾಗೆ, ಕಣ್ಣನ್ನು ಮೇಲಿಟ್ಟುಕೊಂಡೇ ಒಳತಂದರು. ಅಷ್ಟು ದೊಡ್ಡ ವಾದ್ಯದ ನಾದ ಮಾತ್ರ ಐದನೇ ಸಾಲಿನಾಚೆ ಕಷ್ಟಪಟ್ಟು ತಲುಪುತ್ತಿತ್ತು.

ಪ್ರಶ್ನೆ: ಕರಪತ್ರದ ಮೊದಲ ಹಾಡು ಮಾರ್ತಿನ್ ಕೊದಾಶ್ ಎಂಬವನದು, ಕೊನೆಯದು ಹೆನ್ರಿ ಪರ್ಸೆಲ್ ಎಂಬವನದು. ಗಂಡಸರು ಕಟ್ಟಿದ ಹಾಡು ಹೆಣ್ಣಿನ ಕಥೆ ಹೇಗಾಗುತ್ತದೆ? ಇದು ಬರೀ ಹೆಸರಿಗೆ ಮಾತ್ರವೇ?
— ಓದುಗಿ, ಶಿರಸಿ

ಉತ್ತರ: ಬಂದ ಪತ್ರಗಳಲ್ಲಿ ನನ್ನನ್ನು ಹೆಚ್ಚು ಯೋಚಿಸಲು ಹಚ್ಚಿದ್ದು ನಿಮ್ಮದು. ಕಾರ್ಯಕ್ರಮ ಕೇಳುವಾಗಲೂ ಪ್ರತಿಯೊಂದು ಹಾಡಿಗೆ ನೀವು ಈ ಪ್ರಶ್ನೆಯನ್ನೇ ಹಾಕಿ ನೋಡಬೇಕು: ದನಿ ಹೆಣ್ಣಿನದು ಸರಿ, ಲೇಖನಿ ಯಾರದು?

ಕೊದಾಶ್ 13ನೇ ಶತಮಾನದವನು; ಸ್ಪೇನಿನ ವಾಯವ್ಯ ಮೂಲೆಯ ಗಲೀಷಿಯಾದವನು. ಅವನ ಹಾಡಿನಲ್ಲಿ ವಿಗೋ ಎಂಬ ಊರಿನ ಕಡಲ ದಂಡೆಯಲ್ಲಿ ನಿಂತ ಹುಡುಗಿ ಅಲೆಗಳನ್ನು ಕೇಳುತ್ತಾಳೆ: ನನ್ನ ಗೆಳೆಯನನ್ನು ಕಂಡಿರಾ, ಅವನು ಬೇಗ ಬರುವನೇ? ಮೀನುಗಾರಿಕೆಯ ಬೋಟು ಹೊತ್ತಾದರೂ ಬರದಿದ್ದಾಗ ಬೈತಖೋಲಿನಲ್ಲೋ ತದಡಿಯಲ್ಲೋ ದಡಕ್ಕೆ ಬಂದು ನಿಲ್ಲುವವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೀಗೆ ಹೆಣ್ಣಿನ ಬಾಯಲ್ಲಿ ಗೆಳೆಯನನ್ನು ನೆನೆಯುವ ಹಾಡುಗಳು ಗಲೀಷಿಯನ್-ಪೋರ್ಚುಗೀಸ್ ಭಾಷೆಯಲ್ಲಿ ಸುಮಾರು 500 ಉಳಿದಿವೆ. ಹೆಸರು ತಿಳಿದ ಕವಿಗಳೆಲ್ಲ ಗಂಡಸರೇ. ಅಷ್ಟರಲ್ಲಿ ಸ್ವರ ಸಮೇತ ನಮಗೆ ಸಿಕ್ಕಿರುವುದು ಕೊದಾಶನ ಆರು ಹಾಡು ಮಾತ್ರ. ಅವು ಸಿಕ್ಕ ಬಗೆಯೂ ಸೋಜಿಗದ್ದು. ಏಳು ಹಾಡುಗಳನ್ನು ಬರೆದಿದ್ದ ಒಂದು ಚರ್ಮದ ಹಾಳೆಯನ್ನು ಯಾರೋ ಬೇರೊಂದು ಪುಸ್ತಕಕ್ಕೆ ರಟ್ಟಿನಂತೆ ಹೊದಿಸಿದ್ದರು. 1914ರ ಸುಮಾರಿಗೆ ಮ್ಯಾಡ್ರಿಡ್‌ನ ಪುಸ್ತಕ ವ್ಯಾಪಾರಿ ಪೆದ್ರೊ ವಿಂದೆಲ್ ಅದನ್ನು ಗುರುತಿಸಿದ. ಆರು ಹಾಡುಗಳಿಗೆ ಸ್ವರವಿತ್ತು, ಒಂದಕ್ಕೆ ಗೆರೆ ಎಳೆದು ಖಾಲಿ ಬಿಟ್ಟಿತ್ತು.

ಈ ಹಾಡುಗಳ ಕಟ್ಟನ್ನು ಗಮನಿಸಿ. ಎರಡು ಸಾಲು, ಒಂದು ಪಲ್ಲವಿ. ಮತ್ತೆ ಅದೇ ಎರಡು ಸಾಲು, ಕೊನೆಯ ಶಬ್ದ ಮಾತ್ರ ಬೇರೆ. ಮುಂದಿನ ನುಡಿ ಹಿಂದಿನದರ ಬಾಲವನ್ನು ಹಿಡಿದು ಹೊರಡುತ್ತದೆ. ಮದುವೆ ಮನೆಯಲ್ಲಿ ಇಬ್ಬರು ಹೇಳಿಕೊಟ್ಟು ಉಳಿದವರು ಹಿಂದೆ ಹೇಳುವ ನಮ್ಮ ಹಾಡುಗಳ ನಡೆ ಇದೇ ಅಲ್ಲವೇ? ಆಸ್ಥಾನದ ಕವಿಗಳು ಈ ಕಟ್ಟನ್ನು ಹೆಂಗಸರು ಕುಣಿಯುತ್ತ ಹಾಡುತ್ತಿದ್ದ ಹಾಡುಗಳಿಂದ ಎತ್ತಿಕೊಂಡರು ಎಂದು ವಾದಿಸುವ ವಿದ್ವಾಂಸರು ಇದ್ದಾರೆ, ಮತ್ತು ನನಗೆ ಆ ವಾದ ಒಪ್ಪಿಗೆಯಾಗುತ್ತದೆ. ಹಾಗಿದ್ದರೆ ಸಹಿ ಕೊದಾಶನದು, ಸೊತ್ತು ಹಲವರದು.

ಇದರ ಎದುರಿಗೆ ಕರಪತ್ರದ ಎರಡನೇ ಹಾಡನ್ನು ಇಟ್ಟು ನೋಡಿ. ದಕ್ಷಿಣ ಫ್ರಾನ್ಸಿನ ಆಕ್ಸಿಟನ್ ಭಾಷೆಯಲ್ಲಿ ಹಾಡು ಕಟ್ಟಿದ ಹೆಂಗಸರಲ್ಲಿ ಇಪ್ಪತ್ತರಷ್ಟು ಜನರ ಹೆಸರು ಉಳಿದಿದೆ. ಅವರಲ್ಲಿ ಸ್ವರ ಸಹಿತ ಹಾಡು ಉಳಿದಿರುವುದು ದಿಯಾದ ಕೌಂಟೆಸ್ ಒಬ್ಬಳದು, ಅದೂ ಒಂದೇ ಒಂದು. ಹಾಡಲು ಮನಸ್ಸಿಲ್ಲದ್ದನ್ನು ಹಾಡಬೇಕಾಗಿ ಬಂದಿದೆ ಎಂದು ಆಕೆ ಶುರು ಮಾಡುತ್ತಾಳೆ. ತನ್ನ ಕುಲ, ರೂಪ, ಬುದ್ಧಿ ಯಾವುದೂ ತನಗೆ ಒದಗಲಿಲ್ಲವೆಂದು ಪ್ರಿಯನಿಗೆ ನೇರವಾಗಿ ಲೆಕ್ಕ ಒಪ್ಪಿಸುತ್ತಾಳೆ. ಇಲ್ಲಿ ಅಲೆಗಳನ್ನು ಕೇಳಿಕೊಳ್ಳುವ ದೈನ್ಯವಿಲ್ಲ. ಹಸ್ತಪ್ರತಿಯಲ್ಲಿ ಸ್ವರದ ಎತ್ತರ ಮಾತ್ರ ಇದ್ದು ಯಾವುದನ್ನು ಎಷ್ಟು ಹೊತ್ತು ಹಿಡಿಯಬೇಕೆಂದು ಬರೆದಿಲ್ಲವಾದ್ದರಿಂದ, ಹಾಡುವವಳು ಅದನ್ನು ಅಳುವಾಗಿಯೂ ಹಾಡಬಹುದು, ಜಗಳವಾಗಿಯೂ ಹಾಡಬಹುದು. ಕಾರವಾರದಲ್ಲಿ ಯಾವುದನ್ನು ಕೇಳುತ್ತೀರೋ ನೋಡಿ. ನಾನು ಜಗಳದ ಪಕ್ಷ.

ಗಂಡಸು ಹೆಣ್ಣಾಗಿ ಹಾಡುವುದರಲ್ಲಿ ತಪ್ಪೇನೂ ಇಲ್ಲ. ಗೋಪಿಯಾಗಿ ಹಾಡಿದ ದಾಸರೆಷ್ಟು ಜನರಿಲ್ಲ! ಆದರೆ ಗಂಡಸು ಕಟ್ಟಿದ ಹೆಣ್ಣು ಹೆಚ್ಚಾಗಿ ಕಾಯುತ್ತಾಳೆ, ಅಳುತ್ತಾಳೆ, ಸಾಯುತ್ತಾಳೆ ಎಂಬುದು ಒಂದೇ ಸಂಜೆಯಲ್ಲಿ ಸಾಲಾಗಿ ಕೇಳಿದಾಗ ಎದ್ದು ಕಾಣುತ್ತದೆ. ಇಟಲಿಯ ಸಂಗೀತಕಾರ ಮೊಂತೆವೆರ್ದಿ 1608ರಲ್ಲಿ ಮಾಂಟುವಾದಲ್ಲಿ ಆಡಿಸಿದ ಅರಿಯಾನ್ನಾ ನಾಟಕದ ಸಂಗೀತದಲ್ಲಿ ಕಳೆದುಹೋಗದೆ ಉಳಿದ ಭಾಗ ನಾಯಕಿಯ ಪ್ರಲಾಪ ಒಂದೇ. ಆ ಪಾತ್ರಕ್ಕೆಂದು ಸಿದ್ಧಳಾಗಿದ್ದ ಕತೆರೀನಾ ಮಾರ್ತಿನೆಲ್ಲಿ ಹದಿಹರೆಯದಲ್ಲೇ ಸಿಡುಬಿನಿಂದ ತೀರಿಕೊಂಡಳು, ಅವಳ ಬದಲಿಗೆ ನಟಿ ವಿರ್ಜೀನಿಯಾ ಆಂದ್ರೆಯೀನಿ ಹಾಡಿದಳು. ಕರಪತ್ರದವರು ಮೊಂತೆವೆರ್ದಿಯ ಹೆಸರಿನ ಪಕ್ಕದಲ್ಲಿ ಈ ಇಬ್ಬರನ್ನೂ ಬರೆದಿದ್ದರೆ ‘ಹೆಣ್ಣಿನ ಕಥೆ’ ಎಂಬ ತಲೆಬರಹಕ್ಕೆ ಇನ್ನಷ್ಟು ನ್ಯಾಯ ಸಿಗುತ್ತಿತ್ತು.

ಪ್ರಶ್ನೆ: ನಮ್ಮ ಮೇಳಗಳಲ್ಲಿ ಬಹುಕಾಲ ಸ್ತ್ರೀವೇಷವನ್ನು ಗಂಡಸರೇ ಮಾಡಿದರು. ಯುರೋಪಿನಲ್ಲಿ ಹೆಂಗಸರಿಗೆ ಹಾಡಲು ಅಡ್ಡಿ ಇತ್ತೇ?
— ಪದವಿ ವಿದ್ಯಾರ್ಥಿನಿ, ಹೊನ್ನಾವರ

ಉತ್ತರ: ಇತ್ತು, ಆದರೆ ಎಲ್ಲ ಕಡೆ ಒಂದೇ ತೆರನಾಗಿ ಇರಲಿಲ್ಲ. ಸಭೆಯಲ್ಲಿ ಹೆಂಗಸರು ಸುಮ್ಮನಿರಬೇಕೆಂಬ ಸಂತ ಪೌಲನ ಮಾತನ್ನು ಹಿಡಿದು, ಚರ್ಚಿನ ಗಾಯನ ಮೇಳಗಳಿಂದ ಅವರನ್ನು ದೂರವಿಟ್ಟರು. ಎತ್ತರದ ದನಿಗೆ ಹುಡುಗರನ್ನೂ, ಮುಂದೆ ಇಟಲಿಯಲ್ಲಿ ಚಿಕ್ಕಂದಿನಲ್ಲೇ ಬೀಜ ಒಡೆದ ಗಂಡಸರನ್ನೂ ಬಳಸಿದರು. ರೋಮಿನಲ್ಲಿ ನಾಟಕದ ವೇದಿಕೆಯ ಮೇಲೂ ಅದೇ ನಡೆಯಿತು. ಶೇಕ್ಸ್‌ಪಿಯರನ ಕಾಲದ ಲಂಡನ್ನಿನಲ್ಲಿ ನಾಟಕದ ನಾಯಕಿಯರು ಹುಡುಗರೇ ಆಗಿದ್ದರು.

ಹಾಗಾಗಿ ಹೆಣ್ಣೊಬ್ಬಳು ಸಂಗೀತ ಕಲಿಯಬೇಕಾದರೆ ಅವಳು ಹುಟ್ಟಿದ ಅಥವಾ ಸೇರಿದ ಮನೆ ಯಾವುದು ಎಂಬುದೇ ಮುಖ್ಯವಾಗುತ್ತಿತ್ತು. ಸಂಗೀತಗಾರನ ಮಗಳಾದ ಫ್ರಾಂಚೆಸ್ಕಾ ಕಾಚ್ಚೀನಿ ಮೆದೀಚಿ ಮನೆತನದ ಆಸ್ಥಾನದಲ್ಲಿ ನೌಕರಿ ಹಿಡಿದು, 1625ರಲ್ಲಿ ಫ್ಲಾರೆನ್ಸಿನಲ್ಲಿ ಆಡಿಸಿದ ಸಂಗೀತ ನಾಟಕ ಹೆಣ್ಣೊಬ್ಬಳು ರಚಿಸಿ ಉಳಿದಿರುವಂಥವುಗಳಲ್ಲಿ ಮೊದಲನೆಯದು. ಕವಿ ಜೂಲಿಯೊ ಸ್ತ್ರೋತ್ಸಿಯ ಮನೆಯಲ್ಲಿ, ಕೆಲಸದವಳ ಹೊಟ್ಟೆಯಲ್ಲಿ ಹುಟ್ಟಿ ಅವನ ಸಾಕುಮಗಳೆನಿಸಿಕೊಂಡ ವೆನಿಸಿನ ಬಾರ್ಬರಾ ಸ್ತ್ರೋತ್ಸಿ (1619–1677) ಚರ್ಚಿನ ಅಥವಾ ದರ್ಬಾರಿನ ನೌಕರಿಯಿಲ್ಲದೆಯೇ 1644ರಿಂದ 1664ರ ನಡುವೆ ಎಂಟು ಸಂಪುಟಗಳನ್ನು ಅಚ್ಚು ಹಾಕಿಸಿದಳು. ಕರಪತ್ರದಲ್ಲಿರುವ ಆಕೆಯ ಹಾಡನ್ನು ತಪ್ಪಿಸಬೇಡಿ. ಒಂದೇ ಪದವನ್ನು ಎಳೆದು, ತಡೆದು, ಮುರಿದು ಹೇಳುವುದರಲ್ಲಿ ನಮ್ಮ ಠುಮ್ರಿಯವರಿಗೆ ಸರಿಸಾಟಿಯಾಗುವವಳು ಅವಳು.

ಎಲ್ಲಕ್ಕಿಂತ ವಿಚಿತ್ರವಾದದ್ದು ವೆನಿಸಿನ ಪಿಯೆತಾ ಎಂಬ ಅನಾಥಾಲಯ. ತೊರೆದ ಮಕ್ಕಳನ್ನು ಸಾಕುತ್ತಿದ್ದ ಅಲ್ಲಿ ಆಯ್ದ ಹುಡುಗಿಯರಿಗೆ ಸಂಗೀತ ಕಲಿಸುತ್ತಿದ್ದರು. 1703ರಲ್ಲಿ ಅವರಿಗೆ ಪಿಟೀಲು ಕಲಿಸಲು ಬಂದವನು ಸಂಗೀತಕಾರ ವಿವಾಲ್ದಿ. ಹುಡುಗಿಯರು ಜಾಲರಿಯ ಹಿಂದೆ ನಿಂತು ಹಾಡಬೇಕು, ಹೊರಗೆ ಕುಳಿತವರಿಗೆ ನೆರಳು ಮಾತ್ರ ಕಾಣಬೇಕು. ವೆನಿಸಿನ ಇಂಥ ಅನಾಥಾಲಯಗಳ ಹಾಡು ಕೇಳಿ ಬಂದ ಫ್ರೆಂಚ್ ಲೇಖಕ ರೂಸೋ, ಜಾಲರಿಯ ಮೇಲಿನ ಸಿಟ್ಟನ್ನು ತನ್ನ ಆತ್ಮಕಥೆಯಲ್ಲಿ ಬರೆದಿಟ್ಟಿದ್ದಾನೆ. 1716ರಲ್ಲಿ ವಿವಾಲ್ದಿ ಅವರಿಗಾಗಿ ಬೈಬಲಿನ ಯೂದಿತಳ ಕಥೆಯನ್ನು ಸಂಗೀತಕ್ಕೆ ಹಾಕಿದಾಗ, ಅವಳ ಕೈಯಲ್ಲಿ ತಲೆ ಕತ್ತರಿಸಿಕೊಳ್ಳುವ ಸೇನಾಪತಿಯ ಭಾಗವನ್ನೂ ಹುಡುಗಿಯೇ ಹಾಡಿದಳು. ನಮ್ಮಲ್ಲಿ ಗಂಡು ದ್ರೌಪದಿಯಾದರೆ ಅಲ್ಲಿ ಹೆಣ್ಣು ಕೀಚಕನಾದಂತೆ.

ಇನ್ನೊಂದು ವರ್ಷವನ್ನು ನಿಮ್ಮ ಊರಿನ ಕಾರಣಕ್ಕೆ ನೆನಪಿಡಿ: 1568. ಆ ವರ್ಷ ವೆನಿಸಿನಲ್ಲಿ ಮದ್ದಲೇನಾ ಕಸುಲಾನಾ ತನ್ನ ಹಾಡುಗಳ ಪುಸ್ತಕವನ್ನು ಅಚ್ಚು ಹಾಕಿಸಿದಳು. ಯುರೋಪಿನಲ್ಲಿ ಪೂರ್ತಿಯಾಗಿ ಹೆಣ್ಣೊಬ್ಬಳ ಸಂಗೀತವೇ ಇರುವ ಮೊದಲ ಅಚ್ಚಿನ ಪುಸ್ತಕ ಅದು. ಬುದ್ಧಿಯ ವರಗಳೆಲ್ಲ ತಮಗೊಬ್ಬರಿಗೇ ಬಂದಿವೆ ಎಂಬ ಗಂಡಸರ ಭ್ರಮೆಯನ್ನು ಲೋಕಕ್ಕೆ ತೋರಿಸುವುದು ತನ್ನ ಆಸೆ ಎಂದು ಅರ್ಪಣೆಯ ಮಾತಿನಲ್ಲಿ ಆಕೆ ಬರೆದಳು. ಅದೇ ಕಾಲಕ್ಕೆ ನಿಮ್ಮ ಶರಾವತಿಯ ದಡದ ಗೇರುಸೊಪ್ಪೆಯಲ್ಲಿ, ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದು ಕರೆದ ಚೆನ್ನಭೈರಾದೇವಿ ಆಳುತ್ತಿದ್ದಳು.

ಪ್ರಶ್ನೆ: ಕರಪತ್ರದಲ್ಲಿರುವ ಹಿಲ್ಡೆಗಾರ್ಡ್ 12ನೇ ಶತಮಾನದ ಸನ್ಯಾಸಿನಿ, ದೇವರನ್ನು ಹಾಡಿದವಳು. ಅವಳನ್ನು ಜರ್ಮನಿಯ ಅಕ್ಕಮಹಾದೇವಿ ಎನ್ನಬಹುದೇ?
— ಉಪನ್ಯಾಸಕರು, ಕುಮಟಾ

ಉತ್ತರ: ಬೇಡ. ಶತಮಾನ ಒಂದೇ ಎಂಬುದನ್ನು ಬಿಟ್ಟರೆ ಇಬ್ಬರೂ ಎದುರು-ಬದುರು ದಾರಿಯವರು. ಅಕ್ಕ ಅರಮನೆಯನ್ನೂ ಉಟ್ಟ ಬಟ್ಟೆಯನ್ನೂ ಬಿಟ್ಟು ಹೊರಟವಳು. ಬಿಂಗೆನ್ನಿನ ಹಿಲ್ಡೆಗಾರ್ಡ್ (1098–1179) ಮಠ ಕಟ್ಟಿದವಳು, ಆಸ್ತಿ ಆಡಳಿತ ನೋಡಿಕೊಂಡವಳು, ಪೋಪನಿಗೂ ಚಕ್ರವರ್ತಿಗೂ ಪತ್ರ ಬರೆದವಳು. ನಿಮ್ಮ ಮಠಕ್ಕೆ ಶ್ರೀಮಂತ ಮನೆತನದ ಹುಡುಗಿಯರನ್ನು ಮಾತ್ರ ಸೇರಿಸಿಕೊಳ್ಳುವುದೇಕೆ ಎಂದು ಇನ್ನೊಬ್ಬ ಮಠಾಧಿಕಾರಿಣಿ ಪತ್ರ ಬರೆದು ಕೇಳಿದಾಗ, ಎತ್ತು, ಕತ್ತೆ, ಕುರಿ, ಆಡುಗಳನ್ನು ಯಾರಾದರೂ ಒಂದೇ ಕೊಟ್ಟಿಗೆಯಲ್ಲಿ ಕೂಡುತ್ತಾರೆಯೇ ಎಂದು ಹಿಲ್ಡೆಗಾರ್ಡ್ ಉತ್ತರ ಕೊಟ್ಟಳು. ಕಲ್ಯಾಣದ ಅನುಭವ ಮಂಟಪದಲ್ಲಿ ಈ ಮಾತನ್ನು ಆಡಿದ್ದರೆ ಏನಾಗುತ್ತಿತ್ತೆಂದು ನೀವೇ ಊಹಿಸಿ.

ಆದರೆ ಸಂಗೀತದ ವಿಷಯಕ್ಕೆ ಬಂದರೆ ಆಕೆಯ ಗಟ್ಟಿತನಕ್ಕೆ ಕೈ ಮುಗಿಯಬೇಕು. ಆಕೆಯ 70ಕ್ಕೂ ಹೆಚ್ಚು ಹಾಡುಗಳು ಸ್ವರ ಸಹಿತ ಉಳಿದಿವೆ. ಸದ್ಗುಣಗಳು ಪಾತ್ರಗಳಾಗಿ ಬರುವ ಆಕೆಯ ಸಂಗೀತ ರೂಪಕದಲ್ಲಿ ಎಲ್ಲರೂ ಹಾಡುತ್ತಾರೆ, ಸೈತಾನ ಒಬ್ಬ ಮಾತ್ರ ಕಿರುಚುತ್ತಾನೆ, ಏಕೆಂದರೆ ಹಾಡುವುದು ಅವನಿಗೆ ದಕ್ಕಿದ್ದಲ್ಲ. 1178ರಲ್ಲಿ, ಎಂಬತ್ತರ ವಯಸ್ಸಿನಲ್ಲಿ, ಒಮ್ಮೆ ಬಹಿಷ್ಕಾರಕ್ಕೆ ಒಳಗಾಗಿದ್ದ ಗಂಡಸೊಬ್ಬನನ್ನು ತನ್ನ ಮಠದ ಭೂಮಿಯಲ್ಲಿ ಮಣ್ಣು ಮಾಡಲು ಬಿಟ್ಟಳೆಂದು ಮೈಂಟ್ಸ್ ನಗರದ ಧರ್ಮಾಧಿಕಾರಿಗಳು ಆಕೆಯ ಮಠದಲ್ಲಿ ಹಾಡುವುದನ್ನೇ ನಿಷೇಧಿಸಿದರು. ಪ್ರಾರ್ಥನೆಯನ್ನು ಮೆಲುದನಿಯಲ್ಲಿ ಓದಿಕೊಳ್ಳಬೇಕು, ಅಷ್ಟೇ. ಸತ್ತವನು ಬಹಿಷ್ಕಾರ ಕಳೆದುಕೊಂಡೇ ಸತ್ತಿದ್ದನೆಂದು ವಾದಿಸಿದ ಹಿಲ್ಡೆಗಾರ್ಡ್ ಹೆಣವನ್ನು ಹೊರತೆಗೆಸಲಿಲ್ಲ. ಸಕಾರಣವಿಲ್ಲದೆ ಇಲ್ಲಿ ದೇವರ ಹಾಡನ್ನು ನಿಲ್ಲಿಸುವವರಿಗೆ ಪರಲೋಕದಲ್ಲಿ ದೇವದೂತರ ಹಾಡಿನೊಡನೆ ದನಿಗೂಡಿಸುವ ಭಾಗ್ಯ ತಪ್ಪುತ್ತದೆ ಎಂದು ಎಚ್ಚರಿಸಿ ಪತ್ರ ಬರೆದಳು. ಮರುವರ್ಷ ನಿಷೇಧ ತೆರವಾಯಿತು. ಅದೇ ಸೆಪ್ಟೆಂಬರಿನಲ್ಲಿ ಆಕೆ ತೀರಿಕೊಂಡಳು.

ಪ್ರಶ್ನೆ: ನಾನು ತಬಲಾ ನುಡಿಸುವವನು. ಭಾಷೆ ಬಾರದ ನಮ್ಮಂಥವರು ಹಿಡಿದುಕೊಳ್ಳಬಹುದಾದ ಎಳೆ ಏನಾದರೂ ಇದೆಯೇ?
— ಅಂಕೋಲಾ

ಉತ್ತರ: ಇದೆ, ಅದೂ ನಿಮಗೆ ದಿನದ ಅಭ್ಯಾಸದ್ದೇ. ನೀವು ಸೋಲೊ ನುಡಿಸುವಾಗ ಹಾರ್ಮೋನಿಯಂನವರು ಒಂದೇ ಲೆಹರಾವನ್ನು ಹಿಡಿದುಕೊಂಡು ಕೂರುತ್ತಾರಲ್ಲ, 17ನೇ ಶತಮಾನದ ಪ್ರಲಾಪಗಳಲ್ಲಿ ಆ ಕೆಲಸವನ್ನು ಮಂದ್ರದ ವಾದ್ಯ ಮಾಡುತ್ತದೆ. ಮೊಂತೆವೆರ್ದಿ 1638ರಲ್ಲಿ ಅಚ್ಚು ಹಾಕಿಸಿದ ಅಪ್ಸರೆಯ ಪ್ರಲಾಪದಲ್ಲಿ ನಾಲ್ಕು ಸ್ವರ ಒಂದೇ ಸಮ ಇಳಿಯುತ್ತಿರುತ್ತವೆ: ಷಡ್ಜ, ಕೋಮಲ ನಿಷಾದ, ಕೋಮಲ ಧೈವತ, ಪಂಚಮ. ಅದರ ಮೇಲೆ ಹಾಡುವವಳು ಸಮಕ್ಕೆ ಸರಿಯಾಗಿ ಬರುವುದಿಲ್ಲ. ಮುಂಚೆ ಬರುತ್ತಾಳೆ, ತಡವಾಗಿ ಬರುತ್ತಾಳೆ, ಮೂವರು ಗಂಡಸರು ಹಿಂದಿನಿಂದ ‘ಅಯ್ಯೋ ಪಾಪ’ ಎನ್ನುತ್ತಿರುತ್ತಾರೆ. ಇಂಗ್ಲೆಂಡಿನ ಪರ್ಸೆಲ್ಲನ ಸಂಗೀತ ನಾಟಕದಲ್ಲಿ ರಾಣಿ ದೀದೋ ಸಾಯುವ ಮುನ್ನ ಹಾಡುವ ಹಾಡಿನಲ್ಲಿ ಇಳಿಕೆ ಇನ್ನೂ ನಿಧಾನ, ಶುದ್ಧ ಮತ್ತು ಕೋಮಲ ನಿಷಾದ-ಧೈವತಗಳೆಲ್ಲವನ್ನೂ ಒಂದೊಂದಾಗಿ ಮೆಟ್ಟಿ ಪಂಚಮಕ್ಕೆ ಬರುತ್ತದೆ. ಆವರ್ತ ಐದು ಅಳತೆಗಳದ್ದು (ಅವರ ಮಾತಿನಲ್ಲಿ ಐದು ‘ಬಾರ್’). ಬೆರಳು ಎಣಿಸುತ್ತ ಕೂತರೆ ದನಿಯ ಸಾಲು ಎಲ್ಲಿ ಆವರ್ತವನ್ನು ದಾಟಿ ನಿಲ್ಲುತ್ತದೆಂಬುದು ನಿಮಗೆ ಉಳಿದವರಿಗಿಂತ ಬೇಗ ಸಿಗುತ್ತದೆ. ಅಂದ ಹಾಗೆ, ಈ ದೀದೋಳ ನಾಟಕ 1689ರ ಹೊತ್ತಿಗೆ ಲಂಡನ್ನಿನ ಚೆಲ್ಸಿಯಲ್ಲಿ ಹುಡುಗಿಯರ ಶಾಲೆಯೊಂದರಲ್ಲಿ ಆಡಲ್ಪಟ್ಟಿತ್ತು.

ಪ್ರಶ್ನೆ: ನಡುನಡುವೆ ಚಪ್ಪಾಳೆ ತಟ್ಟಬಹುದೇ?
— ಕಾರವಾರ

ಉತ್ತರ: ಎರಡು ಮೂರು ಹಾಡುಗಳ ಗುಚ್ಛ ಮುಗಿದು ಕಲಾವಿದರು ತಲೆಯೆತ್ತಿದಾಗ ತಟ್ಟಿ. ಶ್ರುತಿ ಮಾಡುವುದನ್ನು ಆಲಾಪವೆಂದು ತಿಳಿದು ಮಾತ್ರ ತಟ್ಟಬೇಡಿ. ಈ ವಾದ್ಯಗಳಿಗೆ ಕಟ್ಟುವ, ಪ್ರಾಣಿಗಳ ಕರುಳಿನಿಂದ ಮಾಡಿದ ತಂತಿ ನಮ್ಮ ಕರಾವಳಿಯ ತೇವದ ಗಾಳಿಗೆ ಹತ್ತು ನಿಮಿಷವೂ ನಿಲ್ಲುವುದಿಲ್ಲ. ಎಂಬತ್ತು ವರ್ಷ ಬದುಕಿದ ಲ್ಯೂಟ್ ವಾದಕ ಅರವತ್ತು ವರ್ಷ ಶ್ರುತಿ ಮಾಡುವುದರಲ್ಲೇ ಕಳೆದಿರುತ್ತಾನೆ ಎಂದು 18ನೇ ಶತಮಾನದ ಜರ್ಮನ್ ಲೇಖಕ ಮಾಟೆಸೋನ್ ಹಾಸ್ಯ ಮಾಡಿದ್ದ; ಅವನು ಕಾರವಾರಕ್ಕೆ ಬಂದವನಲ್ಲ. ಸಂಘಟಕರಲ್ಲಿ ನನ್ನದೊಂದು ವಿನಂತಿ: ಸೆಕೆಯಾದರೂ ಸರಿ, ಹಾಡಿನ ಹೊತ್ತಿಗೆ ಫ್ಯಾನುಗಳನ್ನು ನಿಲ್ಲಿಸಿ.

ಪ್ರಶ್ನೆ: ನಮ್ಮ ಅತ್ತೆಗೆ ಎಂಬತ್ತೆರಡು ವರ್ಷ. ಹಸೆಗೆ ಕರೆಯುವ ಹಾಡು, ಆರತಿ ಹಾಡುಗಳನ್ನು ಬರೆದ ಮೂರು ಪಟ್ಟಿಗಳು ಅವರ ಪೆಟ್ಟಿಗೆಯಲ್ಲಿವೆ. ಕರಪತ್ರ ನೋಡಿ ಅವರು, “ನಮ್ಮ ಹಾಡೂ ಹಳೆಯದೇ, ಯಾರಿಗೆ ಬೇಕು” ಎಂದರು. ಪಟ್ಟಿಗಳನ್ನು ಅಚ್ಚು ಹಾಕಿಸಿದರೆ ಸಾಕೇ?
— ಯಲ್ಲಾಪುರ ತಾಲ್ಲೂಕಿನ ಗೃಹಿಣಿ

ಉತ್ತರ: ಸಾಲದು. ಇಪ್ಪತ್ತು ಕವಯಿತ್ರಿಯರಲ್ಲಿ ಒಬ್ಬಳ ಸ್ವರ ಮಾತ್ರ ಉಳಿಯಿತೆಂದು ಮೇಲೆ ಹೇಳಿದೆನಲ್ಲ, ನಿಮ್ಮ ಅತ್ತೆಯ ಪೆಟ್ಟಿಗೆಯ ಸ್ಥಿತಿಯೂ ಅದೇ: ಪಟ್ಟಿಯಲ್ಲಿ ಇರುವುದು ಶಬ್ದ, ಧಾಟಿ ಇರುವುದು ಅವರ ಗಂಟಲಿನಲ್ಲಿ. ಓದು-ಬರಹವಿಲ್ಲದ ಅಂಕೋಲೆ ಬಡಗೇರಿಯ ಸುಕ್ರಿ ಬೊಮ್ಮಗೌಡರು ಹಾಲಕ್ಕಿ ಒಕ್ಕಲಿಗರ ಹಾಡುಗಳನ್ನು ನೆನಪಿನಲ್ಲೇ ಹೊತ್ತು ತಿರುಗಿದರು. 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು, 2025ರಲ್ಲಿ ಅವರು ತೀರಿಕೊಂಡರು. ಅವರ ದನಿಯನ್ನು ಜನ ಮುದ್ರಿಸಿಕೊಂಡರು. ಎಲ್ಲ ಅಜ್ಜಿಯರ ಹತ್ತಿರ ಹಾಗೆ ಜನ ಬರುವುದಿಲ್ಲ.

ನಿಮ್ಮ ಮೊಬೈಲೇ ಸಾಕು. ಅತ್ತೆಯವರನ್ನು ಕುರ್ಚಿಯಲ್ಲಿ ಕೂರಿಸಿ “ಹಾಡಿ” ಎನ್ನಬೇಡಿ, ಅವರು ನಾಚಿ ಎರಡು ನುಡಿಗೆ ನಿಲ್ಲಿಸುತ್ತಾರೆ. ಬತ್ತಿ ಹೊಸೆಯುವಾಗಲೋ ಬಾಳೆಎಲೆ ಒರೆಸುವಾಗಲೋ ಪಕ್ಕದಲ್ಲಿಟ್ಟು, ಹಿಂದೆ ಹೇಳಲು ನೀವೂ ದನಿಗೂಡಿಸಿ, ಏಕೆಂದರೆ ಇಬ್ಬರಿಲ್ಲದೆ ಆ ಹಾಡು ಹೊರಡುವುದೇ ಇಲ್ಲ. ಶಬ್ದ ತಪ್ಪೆಂದು ಕಂಡರೂ ತಿದ್ದಬೇಡಿ. ನಡುವೆ ಕುಕ್ಕರು ಕೂಗಿದರೆ ಅದೂ ಇರಲಿ. ಆಮೇಲೆ ಪಟ್ಟಿ ತೆಗೆದು, ಪ್ರತಿ ಹಾಡಿನ ಮೊದಲ ಸಾಲಿನ ಪಕ್ಕದಲ್ಲಿ ಪೆನ್ಸಿಲಿನಿಂದ ಮೂರು ಸಂಗತಿ ಬರೆಯಿರಿ: ಯಾವ ಶಾಸ್ತ್ರಕ್ಕೆ ಹಾಡುವುದು, ಯಾವ ಊರಿನ ಧಾಟಿ, ಅತ್ತೆಯವರು ಅದನ್ನು ಯಾರ ಹತ್ತಿರ ಕಲಿತರು. ಹೆಸರು ಪೂರ್ತಿ ಬರೆಯಿರಿ. ‘ದೊಡ್ಡಮ್ಮ’ ಎಂದಷ್ಟೇ ಬರೆದರೆ ನಿಮ್ಮ ಮೊಮ್ಮಕ್ಕಳಿಗೆ ಯಾವ ದೊಡ್ಡಮ್ಮನೆಂದು ತಿಳಿಯುವುದಿಲ್ಲ.